ಅಜ್ಜಿ ಯಾಕೆ ಬಾಯಿ ಬಿಡಲಿಲ್ಲ? ಎರಡು ಕಾಲದ ಯುದ್ಧ ಕಾದಂಬರಿ ಬರೆಯುವವರಿಗೆ

ನನ್ನ ಮೊದಲ ಎರಡು ಕಾಲದ ಕಾದಂಬರಿಯ ಕರಡನ್ನು ಗೆಳೆಯನೊಬ್ಬನಿಗೆ ಓದಲು ಕೊಟ್ಟಿದ್ದೆ. ವಾರ ಬಿಟ್ಟು ವಾಪಸ್ ತಂದ. "ಯುದ್ಧದ ಭಾಗ ಚೆನ್ನಾಗಿದೆ. ಮೊಮ್ಮಗಳ ಅಧ್ಯಾಯಗಳನ್ನು ಹಾರಿಸಿಕೊಂಡು ಓದಿದೆ, ಏನೂ ತಪ್ಪಿಹೋಗಲಿಲ್ಲ" ಅಂದ. ಎರಡು ದಿನ ಬೇಜಾರಾಗಿತ್ತು. ಆಮೇಲೆ ನಾನೇ ಓದಿ ನೋಡಿದೆ. ಅವನು ಹೇಳಿದ್ದು ಸರಿಯೇ. ಮೊಮ್ಮಗಳು ಅಟ್ಟ ಹತ್ತುತ್ತಾಳೆ, ಪೆಟ್ಟಿಗೆ ತೆರೆಯುತ್ತಾಳೆ, ಪತ್ರ ಓದುತ್ತಾಳೆ, ಅಳುತ್ತಾಳೆ. ಅವಳಿಗೆ ಬೇರೆ ಕೆಲಸವೇ ಇರಲಿಲ್ಲ. ಅಜ್ಜಿಯ ಕಥೆಗೆ ಅವಳು ಬರೀ ಪುಟ ತಿರುಗಿಸುವ ಆಳು.

ಈ ಬಗೆಯ ಕಾದಂಬರಿ ನಿಮಗೆ ಗೊತ್ತೇ ಇರುತ್ತದೆ. ಒಂದು ಅಧ್ಯಾಯ ಯುದ್ಧಕಾಲದಲ್ಲಿ, ಮುಂದಿನದು ಎಷ್ಟೋ ವರ್ಷಗಳ ನಂತರ. ಅಲ್ಲಿ ಶತ್ರುವಿನ ಕಣ್ಣು ತಪ್ಪಿಸಿ ಕೆಲಸ ಮಾಡುವ ಹುಡುಗಿ, ಇಲ್ಲಿ ಅವಳ ಗುಟ್ಟು ಹುಡುಕುವ ಮಗಳೋ ಮೊಮ್ಮಗಳೋ. ಓದಲು ಸಲೀಸು, ಬರೆಯಲು ಹಾಗಿಲ್ಲ. ನಾನು ಎಡವಿದ ಜಾಗಗಳನ್ನೇ ಹೆಜ್ಜೆಗಳಾಗಿ ಬರೆದಿದ್ದೇನೆ. ಉದಾಹರಣೆಗೆ ಒಂದೇ ಕಥೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಜಾಗ, ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಹಿಡಿದುಕೊಂಡಿದ್ದ ಫ್ರಾನ್ಸ್.

ಮೊದಲು ವಯಸ್ಸಿನ ಲೆಕ್ಕ

ಪಾತ್ರ, ಕಥಾವಸ್ತು ಎಲ್ಲ ಆಮೇಲೆ. ಮೊದಲು ಒಂದು ಹಾಳೆಯಲ್ಲಿ ಹುಟ್ಟಿದ ವರ್ಷಗಳನ್ನು ಬರೆಯಿರಿ. 1940ರಲ್ಲಿ ಇಪ್ಪತ್ತು ವರ್ಷವಾಗಿದ್ದ ಹುಡುಗಿ ಹುಟ್ಟಿದ್ದು 1920ರಲ್ಲಿ. "ಈಗಿನ" ಕಥೆಯನ್ನು ನಿಜವಾಗಿಯೂ ಈಗ ಇಟ್ಟರೆ ಅವಳಿಗೆ ನೂರು ದಾಟಿರುತ್ತದೆ. ಅಂದರೆ ಅವಳು ಬದುಕಿಲ್ಲ, ಉತ್ತರ ಹೇಳುವವರಿಲ್ಲ, ಮತ್ತೆ ಪೆಟ್ಟಿಗೆ, ಪತ್ರ, ಅಟ್ಟ. ಅರ್ಧಕ್ಕರ್ಧ ಕರಡುಗಳು ಸಪ್ಪೆಯಾಗುವುದು ಇಲ್ಲೇ.

ಎರಡನೆಯ ಕಾಲ "ಈಗ"ಲೇ ಆಗಬೇಕು ಅಂತ ಯಾರೂ ಹೇಳಿಲ್ಲ. ನಮ್ಮ ಕಥೆಗೆ 1987 ಇಟ್ಟುಕೊಳ್ಳೋಣ. ಅಜ್ಜಿಗೆ 67. ಗಟ್ಟಿಮುಟ್ಟಾಗಿದ್ದಾಳೆ, ಎದುರಿಗೇ ಕೂತಿದ್ದಾಳೆ, ಆದರೂ ಮಾತಾಡುವುದಿಲ್ಲ. ಸತ್ತವರ ಮೌನಕ್ಕಿಂತ ಬದುಕಿರುವವರ ಮೌನ ಜಾಸ್ತಿ ಹಿಂಸೆ ಕೊಡುತ್ತದೆ, ಅಲ್ವಾ? ಅವಳಿಗೆ 1944ರಲ್ಲಿ ಮಗಳು ಹುಟ್ಟಿದಳು, ಆ ಮಗಳಿಗೆ 1965ರಲ್ಲಿ ಮಗಳು. ಮೊಮ್ಮಗಳಿಗೆ ಈಗ 22. ಲೆಕ್ಕ ಕೂಡಿತು.

1987ನ್ನೇ ಆರಿಸಲು ಇನ್ನೊಂದು ಕಾರಣವಿದೆ. ಲಿಯೋನ್ ನಗರದಲ್ಲಿ ಗೆಸ್ಟಾಪೊ, ಅಂದರೆ ನಾಜಿಗಳ ಗುಪ್ತ ಪೊಲೀಸರ ಮುಖ್ಯಸ್ಥನಾಗಿದ್ದ ಕ್ಲಾಸ್ ಬಾರ್ಬಿಯ ವಿಚಾರಣೆ ಅದೇ ನಗರದಲ್ಲಿ ಆ ವರ್ಷ ಮೇ 11ರಂದು ಶುರುವಾಗಿ ಜುಲೈ 4ರಂದು ಜೀವಾವಧಿ ಶಿಕ್ಷೆಯೊಂದಿಗೆ ಮುಗಿಯಿತು. ಶುರುವಾದ ಕೆಲವೇ ದಿನಕ್ಕೆ ಅವನು ನ್ಯಾಯಾಲಯಕ್ಕೆ ಬರಲ್ಲ ಅಂದುಬಿಟ್ಟ. ಆಮೇಲೆ ಹೆಚ್ಚಿನ ದಿನಗಳಲ್ಲಿ ಸಾಕ್ಷಿಗಳು ಹೇಳಿಕೆ ಕೊಟ್ಟಿದ್ದು ಅವನಿಲ್ಲದ ಕಟಕಟೆಯ ಮುಂದೆ. ಆ ಎರಡು ತಿಂಗಳು ಊರಿನ ರೇಡಿಯೊದಲ್ಲೆಲ್ಲ ಅದೇ ಸುದ್ದಿ. ನಲವತ್ತು ವರ್ಷ ಬಾಯಿ ಬಿಡದವರು ಮಾತಾಡುತ್ತಿದ್ದಾರೆ. ನಮ್ಮ ಅಜ್ಜಿ ಮಾತ್ರ ಸುದ್ದಿ ಬಂದ ಕೂಡಲೇ ಎದ್ದು ರೇಡಿಯೊ ಆರಿಸುತ್ತಾಳೆ. ಮೊದಲ ಅಧ್ಯಾಯಕ್ಕೆ ಇಷ್ಟು ಸಾಕು. ಅಟ್ಟ ಹತ್ತುವ ಅಗತ್ಯವೇ ಇಲ್ಲ.

ಮೊಮ್ಮಗಳಿಗೂ ಒಂದು ತಲೆನೋವು ಕೊಡಿ

ನನ್ನ ಗೆಳೆಯ ಹಾರಿಸಿಕೊಂಡು ಓದಿದ್ದು ಯಾಕೆ ಅಂದರೆ, ಮೊಮ್ಮಗಳಿಗೆ ಗುಟ್ಟು ಗೊತ್ತಾದರೂ ಗೊತ್ತಾಗದಿದ್ದರೂ ಅವಳ ಬದುಕಿನಲ್ಲಿ ಏನೂ ಬದಲಾಗುತ್ತಿರಲಿಲ್ಲ. ಬರೀ ಕುತೂಹಲದ ಮೇಲೆ ಮುನ್ನೂರು ಪುಟ ಓಡುವುದಿಲ್ಲ.

ಹಾಗಾಗಿ ಅವಳ ತಲೆಯ ಮೇಲೆ ಒಂದು ನಿರ್ಧಾರ ಹೊರಿಸಿ. ಅಜ್ಜಿಯ ಕಥೆ ಗೊತ್ತಾಗದೆ ಆ ನಿರ್ಧಾರ ಆಗಬಾರದು. ನಮ್ಮ ಕಥೆಯಲ್ಲಿ ಹೀಗಿರಲಿ: 1987ರ ಫ್ರಾನ್ಸ್‌ನಲ್ಲಿ ಹುಡುಗರಿಗೆ ಸೈನಿಕ ಸೇವೆ ಇನ್ನೂ ಕಡ್ಡಾಯ. ಅವಳ ತಮ್ಮ ಹಾಜರಾಗದೆ ತಲೆಮರೆಸಿಕೊಂಡಿದ್ದಾನೆ. ಎಲ್ಲಿದ್ದಾನೆ ಅಂತ ಅಕ್ಕನಿಗೆ ಮಾತ್ರ ಗೊತ್ತು. "ಅಮ್ಮನಿಗೆ ಹೇಳಬೇಡ" ಅಂತ ಮಾತು ತೆಗೆದುಕೊಂಡಿದ್ದಾನೆ. ಅಮ್ಮ ದಿನಾ ಫೋನಿನ ಪಕ್ಕ ಕೂತಿರುತ್ತಾಳೆ. ಇವಳು ದಿನಾ ಸುಳ್ಳು ಹೇಳುತ್ತಾಳೆ.

ಎಚ್ಚರ ಏನಂದರೆ, ಎರಡೂ ಕಾಲದ ಕಷ್ಟ ಅಚ್ಚೊತ್ತಿದ ಹಾಗೆ ಒಂದೇ ಇರಬಾರದು. ಮೊಮ್ಮಗಳ ಸುಳ್ಳಿನಿಂದ ಯಾರ ಪ್ರಾಣವೂ ಹೋಗುವುದಿಲ್ಲ, ಅಜ್ಜಿಯದರಲ್ಲಿ ಹೋಗಬಹುದಿತ್ತು. ಈ ವ್ಯತ್ಯಾಸ ಅಜ್ಜಿಗೆ ಗೊತ್ತು, ಮೊಮ್ಮಗಳಿಗೆ ಗೊತ್ತಿಲ್ಲ. ಅವರಿಬ್ಬರ ಜಗಳ ಹುಟ್ಟುವುದು ಇಲ್ಲೇ.

ಗುಟ್ಟಿಗೆ ಕಾರಣ ಪ್ರೀತಿಯೇ ಆಗಿರಲಿ

ಇದು ನನಗೆ ತುಂಬಾ ತಡವಾಗಿ ಹೊಳೆದದ್ದು. ನಾವು "ಅಜ್ಜಿ ಏನು ಮಾಡಿದಳು?" ಅನ್ನುವ ಪ್ರಶ್ನೆ ಹಿಡಿದು ಬರೆಯುತ್ತೇವೆ. ಅದಕ್ಕೆ ಉತ್ತರ ಓದುಗರಿಗೆ ಬೆನ್ನುಡಿ ಓದಿದಾಗಲೇ ಗೊತ್ತಾಗಿರುತ್ತದೆ. ಪ್ರತಿರೋಧ ಚಳವಳಿಯಲ್ಲಿದ್ದಳು, ಯಾರನ್ನೋ ಉಳಿಸಿದಳು, ಯಾರನ್ನೋ ಕಳಕೊಂಡಳು. ನಿಜವಾದ ಪ್ರಶ್ನೆ ಬೇರೆ: ಯುದ್ಧ ಮುಗಿದ ಮೇಲೂ ಅವಳು ಯಾಕೆ ಹೇಳಲಿಲ್ಲ?

ಇದಕ್ಕೆ ನಿಮ್ಮ ಹತ್ತಿರ ಒಂದು ವಾಕ್ಯದ ಉತ್ತರ ಇಲ್ಲದಿದ್ದರೆ ಬರೆಯಲು ಕೂರಬೇಡಿ. "ನೆನಪು ಮಾಡಿಕೊಳ್ಳಲು ನೋವಾಗುತ್ತಿತ್ತು" ಅನ್ನುವುದು ಉತ್ತರವಲ್ಲ. ಅದು ಲೇಖಕರ ಅನುಕೂಲ. ಗುಟ್ಟು ಮುನ್ನೂರನೇ ಪುಟದವರೆಗೆ ಉಳಿಯಬೇಕಲ್ಲ, ಅದಕ್ಕೆ ಅಜ್ಜಿಯ ಬಾಯಿಗೆ ಬೀಗ ಹಾಕಿದ್ದು. ಓದುಗರಿಗೆ ಇದು ಬೇಗ ಗೊತ್ತಾಗಿಬಿಡುತ್ತದೆ.

ಮನೆಯವರ ಮೇಲಿನ ಪ್ರೀತಿಯಿಂದ ಮಾಡಿದ ಕೆಲಸವೇ ಮನೆಯವರಿಗೆ ಹೇಳಲಾಗದ ಕೆಲಸ ಆಗಿರಬೇಕು. ಇದನ್ನು ಹೇಗೆ ಕಟ್ಟುವುದು ಅಂತ ಹತ್ತಿರದಿಂದ ನೋಡೋಣ. ಅದಕ್ಕೆ ಒಂದು ಅಂಚೆ ಕಾರ್ಡ್ ಬೇಕು.

ಒಂದೇ ವಸ್ತು, ಆದರೆ ಕಣ್ಣಿಟ್ಟು ನೋಡಿದ್ದು

1940ರ ಜೂನ್ 14ರಂದು ಜರ್ಮನ್ ಸೈನ್ಯ ಪ್ಯಾರಿಸ್‌ಗೆ ಬಂತು. ಜೂನ್ 22ರಂದು ಕದನವಿರಾಮದ ಒಪ್ಪಂದ ಆಯಿತು. ದೇಶ ಎರಡು ಹೋಳಾಯಿತು. ಉತ್ತರ ಮತ್ತು ಪಶ್ಚಿಮದ ಕರಾವಳಿ ಜರ್ಮನರ ಕೈಯಲ್ಲಿ, ದಕ್ಷಿಣ ಜರ್ಮನರ ಜೊತೆ ಕೈಜೋಡಿಸಿದ ಫ್ರೆಂಚರ ವಿಶಿ ಸರ್ಕಾರದ ಕೈಯಲ್ಲಿ. ನಡುವೆ ಗಡಿರೇಖೆ. ದಾಟಲು ಪಾಸ್ ಬೇಕು, ಪಾಸ್ ಸಿಗುವುದು ಕಷ್ಟ. ಪತ್ರ ಬರೆಯುವುದೂ ನಿಂತುಹೋಯಿತು.

ಆ ಶರತ್ಕಾಲದಲ್ಲಿ ಎರಡು ಹೋಳುಗಳ ನಡುವೆ ಓಡಾಡಲು ಒಂದು ಕಾರ್ಡ್ ಬಂತು. ಅದರಲ್ಲಿ ನೀವು ಬರೆಯುವಂತಿಲ್ಲ. ಸಾಲುಗಳು ಮೊದಲೇ ಅಚ್ಚಾಗಿರುತ್ತವೆ: ಆರೋಗ್ಯವಾಗಿದ್ದಾರೆ, ದಣಿದಿದ್ದಾರೆ, ಕಾಯಿಲೆ ಬಿದ್ದಿದ್ದಾರೆ, ಗಾಯಗೊಂಡಿದ್ದಾರೆ, ಸತ್ತಿದ್ದಾರೆ, ಸೆರೆಯಾಗಿದ್ದಾರೆ, ಸುದ್ದಿಯಿಲ್ಲ, ಹಣ ಬೇಕು. ಖಾಲಿ ಬಿಟ್ಟ ಜಾಗದಲ್ಲಿ ಹೆಸರು ತುಂಬಬೇಕು, ಬೇಡದ ಪದಗಳನ್ನು ಹೊಡೆದು ಹಾಕಬೇಕು. ಸಾಲುಗಳ ಆಚೆ ಏನೂ ಬರೆಯಬೇಡಿ ಅಂತ ಮೇಲೆಯೇ ಎಚ್ಚರಿಕೆ. ಕೆಳಗೆ "ಪ್ರೀತಿಯ ನೆನಪುಗಳು", "ಮುತ್ತುಗಳು" ಅನ್ನುವುದು ಕೂಡ ಅಚ್ಚಾಗಿಯೇ ಬಂದಿರುತ್ತದೆ. ಸಹಿ ಮಾತ್ರ ನಿಮ್ಮದು.

ಒಂದು ದೇಶದ ತಾಯಿ ಮಕ್ಕಳು ಹೀಗೆ ಪದ ಹೊಡೆದು ಹೊಡೆದು ಮಾತಾಡುತ್ತಿದ್ದರು. ಕಾದಂಬರಿಕಾರರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಯಾರು ಕೊಡುತ್ತಾರೆ?

ಈಗ ನಮ್ಮ ಹುಡುಗಿಯನ್ನು ಪ್ಯಾರಿಸ್‌ನಲ್ಲಿ ಕೂರಿಸಿ. ತಾಯಿ ಲಿಯೋನ್‌ನಲ್ಲಿ, ಅಂದರೆ ಗಡಿರೇಖೆಯ ಆಚೆ. ಅಣ್ಣ ಸೈನಿಕ. ಆ ಬೇಸಿಗೆಯಲ್ಲಿ ಸುಮಾರು 18 ಲಕ್ಷ ಫ್ರೆಂಚ್ ಸೈನಿಕರು ಜರ್ಮನರಿಗೆ ಸೆರೆ ಸಿಕ್ಕರು. ಇವನು ದಾರಿಯಲ್ಲಿ ತಪ್ಪಿಸಿಕೊಂಡು ಬಂದು ತಂಗಿಯ ಕೋಣೆಯಲ್ಲಿ ಅಡಗಿದ್ದಾನೆ. ತಂಗಿ ಕಾರ್ಡ್ ತುಂಬುತ್ತಿದ್ದಾಳೆ. "ಆರೋಗ್ಯವಾಗಿದ್ದಾನೆ" ಅಂತ ಅಣ್ಣನ ಹೆಸರು ಬರೆದರೆ ಕಾರ್ಡ್ ಓದುವ ಸೆನ್ಸಾರ್‌ನವನಿಗೆ ವಿಳಾಸ ಕೊಟ್ಟ ಹಾಗೆ. "ಸೆರೆಯಾಗಿದ್ದಾನೆ" ಅಂದರೆ ಅಮ್ಮ ಶಿಬಿರಗಳಿಗೆ ಪತ್ರ ಬರೆದು ವಿಚಾರಿಸುತ್ತಾಳೆ, ಯಾವ ಪಟ್ಟಿಯಲ್ಲೂ ಅವನಿಲ್ಲ ಅಂತ ಬಯಲಾಗುತ್ತದೆ. ಅವಳು ಒಂದೊಂದೇ ಪದ ಹೊಡೆಯುತ್ತಾ ಬರುತ್ತಾಳೆ. "ಸುದ್ದಿಯಿಲ್ಲ" ಅನ್ನುವುದನ್ನು ಮಾತ್ರ ಬಿಟ್ಟು ಅದರ ಮುಂದೆ ಅಣ್ಣನ ಹೆಸರು ಬರೆಯುತ್ತಾಳೆ. ಅಣ್ಣ ಅದೇ ಮೇಜಿನ ಆಚೆ ಬದಿಯಲ್ಲಿ ಕೂತು ಸೂಪ್ ಕುಡಿಯುತ್ತಿದ್ದಾನೆ.

ಎದುರಾಎದುರು ಸಿಕ್ಕಾಗ ನಿಜ ಹೇಳುತ್ತೇನೆ ಅಂದುಕೊಂಡಿರುತ್ತಾಳೆ. 1941ರಲ್ಲಿ ಕಾರ್ಡಿನ ನಿಯಮ ಸ್ವಲ್ಪ ಸಡಿಲವಾಯಿತು, ಆದರೆ ಸೆನ್ಸಾರ್‌ನವರು ಓದುವುದು ನಿಲ್ಲಲಿಲ್ಲ. ಪಾಸ್ ಸಿಗಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ತಾಯಿ ತೀರಿಕೊಂಡಳು, ಮಗ ಕಾಣೆಯಾದ ಅಂತಲೇ ನಂಬಿಕೊಂಡು. ಈಗ ಹೇಳಿ, 1987ರಲ್ಲಿ ಅಜ್ಜಿ ಬಾಯಿ ಬಿಡದಿರಲು ಬೇರೆ ಕಾರಣ ಬೇಕಾ? ಊರು ಅವಳನ್ನು ಧೀರೆ ಅನ್ನುತ್ತದೆ. ಅವಳಿಗೆ ನೆನಪಿರುವುದು ಆ ಒಂದು ಕಾರ್ಡ್.

ಮೊಮ್ಮಗಳಿಗೆ ಇದು ಸಿಗುವುದು ಹೇಗೆ ಅನ್ನುವುದನ್ನೂ ಇಲ್ಲೇ ತೀರ್ಮಾನಿಸಿ. ಕಾರ್ಡ್ ಲಿಯೋನ್‌ಗೆ ಹೋಯಿತು, ಹಾಗಾಗಿ ಅದು ತಾಯಿಯ ಮನೆಯಲ್ಲೇ ಉಳಿದಿದೆ. ಅದೇ ಡ್ರಾಯರ್‌ನಲ್ಲಿ ಅಜ್ಜಿ ಇಟ್ಟ ಅಣ್ಣನ ಪಾಸ್‌ಪೋರ್ಟ್ ಅಳತೆಯ ಫೋಟೊ, ಸುಳ್ಳು ಗುರುತಿನ ಚೀಟಿಗೆ ತೆಗೆಸಿದ್ದು. ಹಿಂಭಾಗದಲ್ಲಿ ಪೆನ್ಸಿಲ್‌ನಲ್ಲಿ ದಿನಾಂಕ. ಕಾರ್ಡಿನ ಮೇಲೂ ಅದೇ ತಿಂಗಳು. ಅಣ್ಣನ ಸುದ್ದಿಯಿಲ್ಲ ಅಂತ ಬರೆದ ತಿಂಗಳಲ್ಲೇ ಅಣ್ಣನ ಫೋಟೊ! ಪ್ರಶ್ನೆ ತಾನಾಗಿ ಹುಟ್ಟಿತು. ಪತ್ರಗಳ ಕಟ್ಟಿಗೆ ಈ ಶಕ್ತಿಯಿಲ್ಲ. ಪತ್ರ ಎಲ್ಲವನ್ನೂ ಹೇಳಿಬಿಡುತ್ತದೆ. ಎರಡು ತುಂಡು ಕಾಗದ ಒಂದಕ್ಕೊಂದು ಹೊಂದದಿದ್ದರೆ ಮಾತ್ರ ಮೊಮ್ಮಗಳು ಯೋಚಿಸಬೇಕಾಗುತ್ತದೆ.

ಪ್ರತಿರೋಧ ಅಂದರೆ ಬರೀ ಬಂದೂಕಲ್ಲ

ಸೇತುವೆ ಹಾರಿಸುವ ದೃಶ್ಯ ಬರೆಯಲು ಎಲ್ಲರಿಗೂ ಆಸೆ. ಒಂದು ಇರಲಿ, ತಪ್ಪಿಲ್ಲ. ಆದರೆ ಹೆಚ್ಚಿನವರ ಪಾಲಿಗೆ ಬಂದ ಕೆಲಸ ಸಣ್ಣದು, ಬೇಸರದ್ದು, ದಿನದಿನದ್ದು: ಪತ್ರಿಕೆ ಹಂಚುವುದು, ಸುಳ್ಳು ಚೀಟಿ ಮಾಡುವುದು, ಯಾರನ್ನೋ ಮನೆಯಲ್ಲಿ ಇಟ್ಟುಕೊಳ್ಳುವುದು, ಸೈಕಲ್ ಮೇಲೆ ಸುದ್ದಿ ಒಯ್ಯುವುದು. ಸಿಕ್ಕಿಬಿದ್ದರೆ ಶಿಕ್ಷೆ ಮಾತ್ರ ಸಣ್ಣದಲ್ಲ.

ಅಡಗಿಸಿಟ್ಟವರ ಕಷ್ಟ ರೊಟ್ಟಿಯ ಲೆಕ್ಕದಲ್ಲಿದೆ. 1940ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನಲ್ಲಿ ಬ್ರೆಡ್‌ಗೆ ರೇಷನ್ ಬಂತು. ದೊಡ್ಡವರಿಗೆ ದಿನಕ್ಕೆ ಸುಮಾರು 350 ಗ್ರಾಂ, ಮರುವರ್ಷ ಅದು 275ಕ್ಕೆ ಇಳಿಯಿತು. ಅಡಗಿರುವ ಅಣ್ಣನಿಗೆ ರೇಷನ್ ಕಾರ್ಡ್ ಇಲ್ಲ. ತಂಗಿಯ ಪಾಲಿನಲ್ಲೇ ಇಬ್ಬರೂ ಉಣ್ಣಬೇಕು. ಪಕ್ಕದ ಮನೆಯವಳು ಮೆಟ್ಟಿಲಲ್ಲಿ ಸಿಕ್ಕಾಗ "ತುಂಬಾ ಇಳಿದುಹೋಗಿದ್ದೀರಲ್ಲ" ಅನ್ನುತ್ತಾಳೆ. ಕಾಳಜಿಯೋ ಅನುಮಾನವೋ ಗೊತ್ತಾಗುವುದಿಲ್ಲ. ಒಂದು ಪುಟದ ಈ ದೃಶ್ಯ ಹತ್ತು ಸೇತುವೆಗಳಿಗೆ ಸಮ.

ಆಲೂಗಡ್ಡೆ ಸಿಗದೆ ದನಕ್ಕೆ ಹಾಕುತ್ತಿದ್ದ ಗೆಡ್ಡೆ ತಿಂದರು. ಕಾಫಿ ಬದಲು ಹುರಿದ ಬಾರ್ಲಿ. ಚರ್ಮ ಸಿಗದೆ ಮರದ ಅಟ್ಟೆಯ ಚಪ್ಪಲಿ, ರಸ್ತೆಯಲ್ಲಿ ಹೆಂಗಸರು ನಡೆದರೆ ಟಕಟಕ ಸದ್ದು. ಸದ್ದಿಲ್ಲದೆ ಓಡಾಡಬೇಕಾದವಳಿಗೆ ಇಂಥ ಚಪ್ಪಲಿ ಎಷ್ಟು ಅಪಾಯ ನೋಡಿ. ವಿವರ ಕಥೆಯ ಕಾಲಿಗೆ ತೊಡರಬೇಕು, ಆಗಲೇ ಅದಕ್ಕೆ ಬೆಲೆ. ಸುಮ್ನೆ ಅಲಂಕಾರಕ್ಕೆ ಅಂತ ಪಟ್ಟಿ ಮಾಡಿದರೆ ಮ್ಯೂಸಿಯಂ ಆಗುತ್ತದೆ.

ಗಡಿಯಾರ ಕೂಡ ಬದಲಾಗಿತ್ತು. ಜರ್ಮನರು ಬಂದ ಕೂಡಲೇ ಪ್ಯಾರಿಸ್‌ನ ಗಡಿಯಾರಗಳನ್ನು ಬರ್ಲಿನ್ ಸಮಯಕ್ಕೆ ಹೊಂದಿಸಿ ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. ಕೈಗಡಿಯಾರ ತಿರುಗಿಸದ ಅಪ್ಪ ಒಬ್ಬ ನಿಮ್ಮ ಕಥೆಯಲ್ಲಿದ್ದರೆ ಅವನ ಬಗ್ಗೆ ಬೇರೆ ವಿವರಣೆ ಬೇಡ.

ವೈರ್‌ಲೆಸ್‌ನಲ್ಲಿ ಗುಟ್ಟಾಗಿ ಸುದ್ದಿ ಕಳಿಸುವ ಪಾತ್ರ ತರುವವರಿಗೆ ಒಂದು ಮಾತು. ಸೂಟ್‌ಕೇಸ್‌ನಲ್ಲಿ ಬರುತ್ತಿದ್ದ ಬ್ರಿಟಿಷ್ ಸೆಟ್‌ಗಳಲ್ಲಿ ಒಂದು ಸುಮಾರು 15 ಕಿಲೋ ಇತ್ತು. ಅದನ್ನು ಹಗುರ ಸೂಟ್‌ಕೇಸ್ ಹಿಡಿದ ಹಾಗೆ ಹಿಡಿದು ನಡೆಯಬೇಕು. ಜರ್ಮನರು ಸಿಗ್ನಲ್ ಹಿಡಿಯುವ ವ್ಯಾನ್ ಓಡಿಸುತ್ತಿದ್ದರು. ಒಂದೊಂದೇ ಬೀದಿಯ ಕರೆಂಟ್ ತೆಗೆದು, ಎಲ್ಲಿ ತೆಗೆದಾಗ ಸಿಗ್ನಲ್ ನಿಂತಿತು ಅಂತ ನೋಡುತ್ತಿದ್ದರು. ಗೂಢಚಾರರನ್ನು ಇಳಿಸುವ ಚಿಕ್ಕ ಲೈಸ್ಯಾಂಡರ್ ವಿಮಾನಗಳು ಬರುತ್ತಿದ್ದದ್ದು ಬೆಳದಿಂಗಳಲ್ಲಿ. ಅಮಾವಾಸ್ಯೆಯ ರಾತ್ರಿ ವಿಮಾನ ಇಳಿಸಿದರೆ ಗೊತ್ತಿರುವ ಓದುಗರು ನಗುತ್ತಾರೆ. ನಾನು ಒಮ್ಮೆ ಇಳಿಸಿದ್ದೆ.

ನಿಜವಾದ ವ್ಯಕ್ತಿಗಳನ್ನು ಏನು ಮಾಡುವುದು?

ದೂರದಲ್ಲೇ ಇಡಿ. ಅವರ ಬದುಕು ನಮ್ಮ ಕಲ್ಪನೆಗಿಂತ ದೊಡ್ಡದು, ಪಕ್ಕದಲ್ಲಿ ನಿಲ್ಲಿಸಿದರೆ ನಮ್ಮ ಪಾತ್ರ ಕುಗ್ಗುತ್ತದೆ. ಲೂಸಿ ಓಬ್ರಾಕ್ ಅನ್ನುವ ಶಿಕ್ಷಕಿ 1943ರ ಅಕ್ಟೋಬರ್‌ನಲ್ಲಿ, ಅದೂ ಬಸುರಿಯಾಗಿದ್ದಾಗ, ಲಿಯೋನ್‌ನ ಬೀದಿಯಲ್ಲಿ ಜರ್ಮನರ ವಾಹನದ ಮೇಲೆ ದಾಳಿ ಮಾಡಿಸಿ ಗಂಡನನ್ನು ಬಿಡಿಸಿಕೊಂಡು ಹೋದಳು. ಇದನ್ನು ನೀವು ಕಟ್ಟುಕಥೆಯಾಗಿ ಬರೆದಿದ್ದರೆ ಸಂಪಾದಕರು ಜಾಸ್ತಿಯಾಯಿತು ಅನ್ನುತ್ತಿದ್ದರು.

ನೂರ್ ಇನಾಯತ್ ಖಾನ್ ವಿಷಯವೂ ಹಾಗೆಯೇ. ಟಿಪ್ಪು ಸುಲ್ತಾನನ ವಂಶದ ಹೆಣ್ಣುಮಗಳು, 1943ರ ಜೂನ್‌ನಲ್ಲಿ ಬ್ರಿಟಿಷರ ವೈರ್‌ಲೆಸ್ ಆಪರೇಟರ್ ಆಗಿ ಫ್ರಾನ್ಸ್‌ನಲ್ಲಿ ಇಳಿದಳು. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದಳು. 1944ರ ಸೆಪ್ಟೆಂಬರ್‌ನಲ್ಲಿ ನಾಜಿಗಳ ಡಖಾವ್ ಯಾತನಾ ಶಿಬಿರದಲ್ಲಿ ಅವಳನ್ನು ಕೊಂದರು. ಅವಳ ಮೇಲೆ ಕಾದಂಬರಿ ಬರೆಯುವ ಆಸೆ ಕನ್ನಡದವರಿಗೆ ಆಗುವುದು ಸಹಜ. ಹಾಗಿದ್ದರೆ ಅವಳ ಬಗ್ಗೆಯೇ ಬರೆಯಿರಿ. ನಿಮ್ಮ ನಾಯಕಿಯ ಗೆಳತಿ ಮಾಡಿ ಎರಡು ಪುಟಕ್ಕೆ ಕರೆತಂದು ಕಳಿಸಬೇಡಿ.

ಇನ್ನೊಂದು ಸಂಗತಿ, ಇದನ್ನು ಮರೆಮಾಚಬಾರದು. ಎಲ್ಲ ಫ್ರೆಂಚರೂ ಪ್ರತಿರೋಧದಲ್ಲಿರಲಿಲ್ಲ. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ ಸುತ್ತಮುತ್ತ 13 ಸಾವಿರದಷ್ಟು ಯಹೂದಿಗಳನ್ನು ಹಿಡಿದದ್ದು ಫ್ರೆಂಚ್ ಪೊಲೀಸರು. ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ಫ್ರಾನ್ಸ್‌ನ ಅಧ್ಯಕ್ಷರೊಬ್ಬರು ಇದರಲ್ಲಿ ದೇಶದ ಪಾಲನ್ನು ಬಹಿರಂಗವಾಗಿ ಒಪ್ಪಿಕೊಂಡಿದ್ದು 1995ರಲ್ಲಿ. ಅಂದರೆ 1987ರ ನಿಮ್ಮ ಪಾತ್ರಗಳ ಊಟದ ಮೇಜಿನಲ್ಲಿ ಇದು ಇನ್ನೂ ಮುಚ್ಚಿಟ್ಟ ಮಾತು. ಅಜ್ಜಿಯ ಬೀದಿಯಲ್ಲೇ ಒಬ್ಬ ನಿವೃತ್ತ ಪೊಲೀಸ್ ಇರಲಿ. ಅವನು ದಿನಾ ನಮಸ್ಕಾರ ಹೇಳುತ್ತಾನೆ, ಅಜ್ಜಿ ಒಂದು ದಿನವೂ ತಿರುಗಿ ಹೇಳುವುದಿಲ್ಲ.

ಎರಡೂ ಕಥೆಗಳನ್ನು ಬೇರೆಬೇರೆ ಬರೆಯಿರಿ

ಒಂದು ಅಧ್ಯಾಯ ಅಲ್ಲಿ, ಒಂದು ಇಲ್ಲಿ ಅಂತ ಬರೆಯುತ್ತಾ ಹೋದರೆ ಯಾವುದರ ಬಿಸಿಯೂ ಏರುವುದಿಲ್ಲ. ಮೊದಲು 1940ರ ಕಥೆಯನ್ನು ಪೂರ್ತಿ ಮುಗಿಸಿ. ಆಮೇಲೆ 1987ರದು. ಪ್ರತಿಯೊಂದೂ ಒಂಟಿಯಾಗಿ ನಿಲ್ಲಬೇಕು. ನಂತರ ಅಧ್ಯಾಯಗಳ ಹೆಸರನ್ನು ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿ ಹೆಣೆಯಿರಿ.

ಹೆಣೆಯುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಮೊದಲು ಯಾರಿಗೆ ಗೊತ್ತಾಗಬೇಕು, ಓದುಗರಿಗೋ ಮೊಮ್ಮಗಳಿಗೋ? ಅಣ್ಣ ಬದುಕಿದ್ದಾನೆ ಅನ್ನುವುದು ಓದುಗರಿಗೆ ಮೊದಲೇ ಗೊತ್ತಿರಲಿ. ಆಗ ಮೊಮ್ಮಗಳು ಕಾರ್ಡ್ ಓದಿ "ಪಾಪ, ಕಾಣೆಯಾಗಿದ್ದ" ಅಂದಾಗ ಓದುಗರಿಗೆ ಚಡಪಡಿಕೆ ಶುರು. ತಾಯಿ ಸತ್ತ ಸುದ್ದಿ ಮಾತ್ರ ಮೊಮ್ಮಗಳಿಗೆ ಮೊದಲು ಗೊತ್ತಾಗಲಿ. ಸಮಾಧಿಯ ಮೇಲಿನ ವರ್ಷ ನೋಡಿ ಅವಳು ಸುಮ್ಮನಾಗುತ್ತಾಳೆ. ಮುಂದಿನ ಅಧ್ಯಾಯದಲ್ಲಿ 1941ರ ಹುಡುಗಿ ಪಾಸ್‌ಗಾಗಿ ಸಾಲಿನಲ್ಲಿ ನಿಂತಿರುತ್ತಾಳೆ, ಓದುಗರಿಗೆ ತಡೆಯಲಾಗುವುದಿಲ್ಲ. ಪ್ರತಿ ಅಧ್ಯಾಯವನ್ನೂ ಬಾಗಿಲು ಬಡಿದ ಸದ್ದಿನಲ್ಲಿ ನಿಲ್ಲಿಸುವ ಚಟ ಬೇಡ. ಮೂರನೇ ಸಲಕ್ಕೆ ಅದು ಧಾರಾವಾಹಿ ಅನ್ನಿಸುತ್ತದೆ.

1987ರಲ್ಲಿ ಮೊಮ್ಮಗಳು ಕಡತ ನೋಡಿ ಎಲ್ಲ ತಿಳಿದುಕೊಳ್ಳುವ ಹಾಗಿಲ್ಲ. ಯುದ್ಧಕಾಲದ ಪೊಲೀಸ್, ನ್ಯಾಯಾಲಯದ ಕಡತಗಳನ್ನು ಫ್ರಾನ್ಸ್ ದೊಡ್ಡ ಪ್ರಮಾಣದಲ್ಲಿ ತೆರೆದಿದ್ದು 2015ರ ಕೊನೆಗೆ. ಇದು ನಿಮಗೆ ತೊಡಕಲ್ಲ, ಲಾಭ. ಅವಳು ಜನರನ್ನೇ ಕೇಳಬೇಕು. ನೀವು ಮಾತ್ರ ಕೂತಲ್ಲೇ ಹುಡುಕಬಹುದು. ಜರ್ಮನಿಯ ಆರೋಲ್ಸನ್ ದಾಖಲಾಗಾರ ನಾಜಿ ಶಿಬಿರಗಳ ಕಾಗದಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಅಲ್ಲಿ ಒಂದು ಸಂಜೆ ಕಳೆದರೆ ಹೆಸರುಗಳ ಮುಂದೆ ಕೂತು ಏನು ಬರೆಯಬೇಕು ಅನ್ನುವುದಕ್ಕಿಂತ ಏನು ಬರೆಯಬಾರದು ಅನ್ನುವುದು ಗೊತ್ತಾಗುತ್ತದೆ.

ಕನ್ನಡದಲ್ಲಿ ಅವರು ಹೇಗೆ ಮಾತಾಡುತ್ತಾರೆ?

ಇಲ್ಲಿ ಕನ್ನಡ ನಮಗೆ ಕೈಕೊಡುವುದಿಲ್ಲ. ಫ್ರೆಂಚರಿಗೂ ನಮ್ಮ ಹಾಗೆ ನೀನು, ನೀವು ಎರಡೂ ಇವೆ. ಗುಂಪಿಗೆ ಹೊಸದಾಗಿ ಬಂದ ಹುಡುಗಿಯನ್ನು "ನೀವು" ಅನ್ನುತ್ತಿದ್ದವನು ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ "ನೀನು" ಅನ್ನಲಿ. ಅವರ ನಡುವೆ ಏನಾಯಿತು ಅಂತ ಬೇರೆ ಹೇಳಬೇಕಾಗಿಲ್ಲ. ವಿಚಾರಣೆ ಮಾಡುವ ಅಧಿಕಾರಿ ತುಂಬಾ ಮರ್ಯಾದೆಯಿಂದ "ನೀವು" ಅಂತಲೇ ಕೊನೆಯವರೆಗೂ ಮಾತಾಡಲಿ, ಭಯ ಜಾಸ್ತಿಯಾಗುತ್ತದೆ.

ಅಣ್ಣ ತಮ್ಮ ಅನ್ನುವ ವಿಷಯದಲ್ಲಿ ಮಾತ್ರ ಮೊದಲೇ ತೀರ್ಮಾನ ಮಾಡಿ. ಫ್ರೆಂಚ್‌ನಲ್ಲಿ ಎರಡಕ್ಕೂ ಒಂದೇ ಪದ, ಕನ್ನಡದಲ್ಲಿ ಪದದ ಜೊತೆಗೇ ಸಂಬಂಧದ ಬಣ್ಣ ಬರುತ್ತದೆ. ಅಣ್ಣನನ್ನು ಅಡಗಿಸಿಡುವ ತಂಗಿ, ತಮ್ಮನನ್ನು ಕಾಯುವ ಅಕ್ಕ, ಇವೆರಡೂ ಬೇರೆಯೇ ಕಥೆಗಳು. ನಾವು ಅಜ್ಜಿಗೆ ಅಣ್ಣನನ್ನೂ ಮೊಮ್ಮಗಳಿಗೆ ತಮ್ಮನನ್ನೂ ಕೊಟ್ಟಿದ್ದು ಅದಕ್ಕೇ.

ಕ್ರಿಯಾಪದ ಭೂತಕಾಲದಲ್ಲೇ ಇರಲಿ, ಎರಡೂ ಕಾಲಕ್ಕೆ. ಹೋಗುತ್ತಾಳೆ, ನೋಡುತ್ತಾಳೆ, ನಿಲ್ಲುತ್ತಾಳೆ ಅಂತ ಇಡೀ ಕಾದಂಬರಿ ಓಡಿಸಿದರೆ ಕನ್ನಡದಲ್ಲಿ ಚಿತ್ರಕಥೆ ಓದಿದ ಹಾಗಿರುತ್ತದೆ. ಕಾಲ ಬೇರೆ ಅಂತ ತೋರಿಸಲು ವಾಕ್ಯದ ಉದ್ದ ಸಾಕು. 1940ರ ಹುಡುಗಿಯದು ಚಿಕ್ಕ ವಾಕ್ಯ, ಸುತ್ತ ನೋಡುವ ವಾಕ್ಯ. 1987ರ ಹುಡುಗಿ ಒಂದಿಷ್ಟು ಹರಟಲಿ.

ಕೊನೆಯ ಅಧ್ಯಾಯ ಯಾವ ಕಾಲದ್ದು?

1944ರಲ್ಲಿ ಅಣ್ಣ ಸಿಕ್ಕಿಬೀಳುತ್ತಾನೆ, ಜರ್ಮನಿಯ ಶಿಬಿರಕ್ಕೆ ಹೋಗುತ್ತಾನೆ. 1945ರಲ್ಲಿ ಶಿಬಿರಗಳಿಂದ ಬಂದವರನ್ನು ಪ್ಯಾರಿಸ್‌ನ ಲುಟೇಶಿಯಾ ಹೋಟೆಲಿನಲ್ಲಿ ಇಳಿಸಿಕೊಳ್ಳುತ್ತಿದ್ದರು. ಮನೆಯವರು ಕಾಣೆಯಾದವರ ಫೋಟೊ ಹಾಕಿ ಕಾಯುತ್ತಿದ್ದರು. ನಮ್ಮ ಹುಡುಗಿ ಒಂದು ವರ್ಷದ ಮಗುವನ್ನು ಎತ್ತಿಕೊಂಡು ಅಲ್ಲಿಗೆ ದಿನಾ ಹೋಗುತ್ತಾಳೆ, ಅದೇ ಪಾಸ್‌ಪೋರ್ಟ್ ಅಳತೆಯ ಫೋಟೊ ಹಿಡಿದು. ಬಂದವರು ಫೋಟೊ ನೋಡಿ ತಲೆ ಅಲ್ಲಾಡಿಸುತ್ತಾರೆ. ಸುದ್ದಿಯಿಲ್ಲ. ಅವಳು ಕಾರ್ಡಿನಲ್ಲಿ ಬರೆದ ಸುಳ್ಳು ಐದು ವರ್ಷದ ಮೇಲೆ ನಿಜವಾಗಿದೆ.

ಇಲ್ಲಿಗೆ ಮುಗಿಸಲು ಮನಸ್ಸಾಗುತ್ತದೆ. ನನಗೂ ಆಗಿತ್ತು. ಆದರೆ ಮೊಮ್ಮಗಳ ನಿರ್ಧಾರ ಬಾಕಿ ಇದೆಯಲ್ಲ. ಆದ್ದರಿಂದ ಲುಟೇಶಿಯಾವನ್ನು ಕೊನೆಯ ಅಧ್ಯಾಯಕ್ಕೆ ಒಂದು ಮೊದಲು ಇಡಿ. ಕೊನೆಯದು 1987ರದೇ, ಚಿಕ್ಕದು, ಎರಡೇ ಪುಟ. ಅಜ್ಜಿ ರೇಡಿಯೊ ಹಾಕಿದ್ದಾಳೆ. ಮೊಮ್ಮಗಳು ಅಮ್ಮನ ನಂಬರ್‌ಗೆ ಫೋನ್ ಮಾಡುತ್ತಾಳೆ. ಆಚೆಯಿಂದ ಅಮ್ಮ ಎತ್ತುವವರೆಗೆ ಬರೆಯಿರಿ. ಅವಳು ಏನು ಹೇಳಿದಳು ಅನ್ನುವುದನ್ನು ಬರೆಯಬೇಕೋ ಬೇಡವೋ ಅಂತ ನಾನು ಮೂರು ಕರಡುಗಳಲ್ಲಿ ಒದ್ದಾಡಿದೆ. ಕೊನೆಗೆ ಬರೆದೆ, ಒಂದೇ ಸಾಲು: "ಅಮ್ಮ, ಅವನು ಚೆನ್ನಾಗಿದ್ದಾನೆ."